‘ಎವ್ರಿಒನ್’ಗೆ ‘ಫುಲ್ ಕಂಟ್ರೋಲ್’ ಪರಿಹಾರವಲ್ಲ

ಮಾನ್ಯ ಸಂಪಾದಕರೇ,

ತುಮಕೂರಿನ ಲೆಕ್ಕಪರಿಶೋಧಕರ ಕಚೇರಿ, ಸಹಕಾರ ಸಂಘ, ಡಿಟಿಪಿ ಕೇಂದ್ರಗಳಲ್ಲೂ ಹಿರೇಹಳ್ಳಿ, ಅಂತರಸನಹಳ್ಳಿಯ ಸಣ್ಣ ಕಾರ್ಖಾನೆಗಳಲ್ಲೂ ಒಂದೇ ಕಂಪ್ಯೂಟರಿನಲ್ಲಿ ಫೈಲ್‌ಗಳನ್ನಿಟ್ಟು ಎಲ್ಲರೂ ನೆಟ್‌ವರ್ಕ್ ಮೂಲಕ ತೆರೆಯುವುದು ವಾಡಿಕೆ. ಯಾರಿಗಾದರೂ ‘ಆಕ್ಸೆಸ್ ಡಿನೈಡ್’ ಎಂದು ಬಂತೆಂದರೆ, ಸರಿಮಾಡಲು ಬಂದವರು ‘ಎವ್ರಿಒನ್’ಗೆ, ಅಂದರೆ ಎಲ್ಲ ಬಳಕೆದಾರರಿಗೂ, ‘ಫುಲ್ ಕಂಟ್ರೋಲ್’, ಅಂದರೆ ಪೂರ್ಣ ಹಕ್ಕು, ಕೊಟ್ಟು ಹೋಗುತ್ತಾರೆ. ಫೈಲೇನೋ ತೆರೆಯುತ್ತದೆ. ಆದರೆ ಅಂದಿನಿಂದ ಸಂಬಳದ ಪಟ್ಟಿಯನ್ನು ಯಾರು ಬೇಕಾದರೂ ಓದಬಹುದು, ಅಳಿಸಬಹುದು. ಯಾವುದೋ ಒಂದು ಕಂಪ್ಯೂಟರಿಗೆ ರಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶ) ಹೊಕ್ಕರೂ ಆ ಫೋಲ್ಡರ್ ಪೂರ್ತಿ ಕೈತಪ್ಪಬಹುದು.

ವಿಂಡೋಸ್‌ನಲ್ಲಿ ಅನುಮತಿ ಎರಡು ಕಡೆ ಇರುತ್ತದೆ: ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ‘ಷೇರಿಂಗ್’ ಮತ್ತು ‘ಸೆಕ್ಯುರಿಟಿ’. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಸೆಕ್ಯುರಿಟಿಯಲ್ಲಿ ‘ಮಾಡಿಫೈ’ (ತಿದ್ದುವ, ಅಳಿಸುವ ಹಕ್ಕು) ಇದ್ದರೂ ಷೇರಿಂಗ್‌ನಲ್ಲಿ ‘ರೀಡ್’ ಮಾತ್ರ ಇದ್ದರೆ ಓದಲಷ್ಟೇ ಆಗುವುದು. ತೊಡಕು ಎಲ್ಲಿದೆ ಎಂದು ತಿಳಿಯಲು ಫೈಲ್ ಇರುವ ಕಂಪ್ಯೂಟರಿನಲ್ಲೇ ಅದೇ ಹೆಸರಿನಲ್ಲಿ ಲಾಗಿನ್ ಆಗಿ ನೋಡಬೇಕು. ಅಲ್ಲಿ ಬದಲಾವಣೆ ಸೇವ್ ಆಗಿ, ನೆಟ್‌ವರ್ಕಿನಲ್ಲಿ ಫೈಲ್ ತೆರೆದರೂ ಸೇವ್ ಆಗದಿದ್ದರೆ ಷೇರಿಂಗ್ ಕಡೆ ನೋಡಿ. ಅಲ್ಲೂ ಆಗದಿದ್ದರೆ ಸೆಕ್ಯುರಿಟಿಯಲ್ಲಿ ‘ಅಡ್ವಾನ್ಸ್ಡ್’, ‘ಎಫೆಕ್ಟಿವ್ ಆಕ್ಸೆಸ್’ಗೆ ಹೋಗಿ ಆ ಬಳಕೆದಾರರ ಹೆಸರು ಕೊಟ್ಟರೆ ಯಾವ ಹಕ್ಕು ಇಲ್ಲವೆಂದು ಕಾಣುತ್ತದೆ.

ಎಕ್ಸೆಲ್ ಫೈಲ್ ತೆರೆಯುತ್ತದೆ, ಸೇವ್ ಮಾತ್ರ ಆಗುವುದಿಲ್ಲ ಎಂಬ ದೂರಿಗೆ ಕಾರಣ ಸಾಮಾನ್ಯವಾಗಿ ‘ರೈಟ್’ (ಬರೆಯುವ ಹಕ್ಕು) ಕೊಟ್ಟು ‘ಮಾಡಿಫೈ’ ಕೊಡದಿರುವುದು. ಎಕ್ಸೆಲ್ ಮೊದಲು ತಾತ್ಕಾಲಿಕ ಫೈಲ್ ಬರೆದು, ಹಳೆಯದನ್ನು ತೆಗೆದು, ಹೊಸದಕ್ಕೆ ಅದೇ ಹೆಸರಿಡುತ್ತದೆ. ಅಳಿಸುವ ಹಕ್ಕಿಲ್ಲದೆ ಇದು ನಡೆಯದು. ಮಾಡಿಫೈ ಸಾಕು, ಫುಲ್ ಕಂಟ್ರೋಲ್ ಬೇಕಿಲ್ಲ.

ಒಂದೇ ಫೋಲ್ಡರಿನಲ್ಲಿ ಕೆಲವು ಫೈಲ್ ಮಾತ್ರ ತೆರೆಯದಿದ್ದರೆ, ಅವನ್ನು ಅದೇ ಡ್ರೈವಿನ ಬೇರೆ ಫೋಲ್ಡರಿನಿಂದ ಕಟ್ ಮಾಡಿ ತಂದಿರಬಹುದು. ಹಾಗೆ ತಂದದ್ದು ಹಳೆಯ ಅನುಮತಿಯನ್ನೇ ಹೊತ್ತು ಬರುತ್ತದೆ. ಕಾಪಿ ಮಾಡಿದ್ದು ಹೊಸ ಜಾಗದ ಅನುಮತಿ ಪಡೆಯುತ್ತದೆ. ‘ಅಡ್ವಾನ್ಸ್ಡ್’ನ ಕೆಳತುದಿಯ ‘ರಿಪ್ಲೇಸ್ ಆಲ್ ಚೈಲ್ಡ್ ಆಬ್ಜೆಕ್ಟ್’ ಗುರುತು ಹಾಕಿದರೆ ಇದು ಸರಿಹೋಗುತ್ತದೆ. ಆದರೆ ಒಳಗಿನ ಫೋಲ್ಡರುಗಳಿಗೆ ಬೇರೆಯಾಗಿ ಕೊಟ್ಟ ಅನುಮತಿಗಳೂ ಅಳಿಸಿಹೋಗುತ್ತವೆ. ಆದ್ದರಿಂದ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಐಕ್ಯಾಕಲ್ಸ್’ (icacls) ಆಜ್ಞೆಯ ‘ಸೇವ್’ (/save) ಸ್ವಿಚ್ ಬಳಸಿ ಈಗಿರುವ ಅನುಮತಿಗಳನ್ನು ಮೊದಲು ಉಳಿಸಿಕೊಳ್ಳಲೇಬೇಕು.

ಹೊಸಬರನ್ನು ಅನುಮತಿ ಇರುವ ಬಳಕೆದಾರರ ಗ್ರೂಪಿಗೆ ಸೇರಿಸಿದ ಮೇಲೆ ಅವರು ಲಾಗ್ ಆಫ್ ಆಗಿ ಮತ್ತೆ ಲಾಗಿನ್ ಆಗುವವರೆಗೆ ಹಕ್ಕು ಬರುವುದಿಲ್ಲ. ಡೊಮೇನ್ (ಎಲ್ಲ ಖಾತೆಗಳನ್ನೂ ಒಂದೇ ಸರ್ವರಿನಿಂದ ನಿರ್ವಹಿಸುವ ವ್ಯವಸ್ಥೆ) ಇಲ್ಲದ ಕಚೇರಿಗಳಲ್ಲಿ ಪಾಸ್‌ವರ್ಡ್ ಇಡದ ಖಾತೆಗೆ ನೆಟ್‌ವರ್ಕ್ ಮೂಲಕ ಪ್ರವೇಶವಿಲ್ಲ. ಪಿನ್ ಕೂಡ ಅಲ್ಲಿ ನಡೆಯದು. ಪಾಸ್‌ವರ್ಡ್ ಬದಲಿಸಿದ್ದರೆ ವಿಂಡೋಸ್ ಪಾಸ್‌ವರ್ಡ್‌ಗಳನ್ನು ನೆನಪಿಟ್ಟುಕೊಳ್ಳುವ ‘ಕ್ರೆಡೆನ್ಷಿಯಲ್ ಮ್ಯಾನೇಜರ್’ನಲ್ಲಿ ಕುಳಿತಿರುವ ಹಳೆಯದನ್ನು ತೆಗೆಯಬೇಕು.

2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ನವೀಕರಣ ಹಾಕಿದ ಮೇಲೆ ಹಳೆಯ ನ್ಯಾಸ್ ಪೆಟ್ಟಿಗೆ (ನೆಟ್‌ವರ್ಕಿಗೆ ಜೋಡಿಸಿದ ಫೈಲ್ ಸಂಗ್ರಹ ಸಾಧನ) ತೆರೆಯುತ್ತಿಲ್ಲವೆಂದರೆ ಅದು ಫೋಲ್ಡರ್ ಅನುಮತಿಯ ದೋಷವಲ್ಲದಿರಬಹುದು. ಪ್ರೊ ಆವೃತ್ತಿ ಈಗ ಎಸ್‌ಎಂಬಿ (ವಿಂಡೋಸ್ ನೆಟ್‌ವರ್ಕಿನಲ್ಲಿ ಫೈಲ್ ಹಂಚುವ ವಿಧಾನ) ಸೈನಿಂಗ್, ಅಂದರೆ ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ, ಕೇಳುತ್ತದೆ, ಪಾಸ್‌ವರ್ಡ್ ಇಲ್ಲದ ‘ಗೆಸ್ಟ್’ ಪ್ರವೇಶ ಒಪ್ಪುವುದಿಲ್ಲ. ನ್ಯಾಸ್‌ನ ಫರ್ಮ್‌ವೇರ್ (ಅದರೊಳಗಿನ ತಂತ್ರಾಂಶ) ನವೀಕರಿಸಿ, ಅದರಲ್ಲೇ ಹೆಸರು, ಪಾಸ್‌ವರ್ಡ್ ಸೃಷ್ಟಿಸಿ. ಹಳೆಯ ಆವೃತ್ತಿಯಾದ ಎಸ್‌ಎಂಬಿ 1 ಅನ್ನು ಮಾತ್ರ ಮತ್ತೆ ಆನ್ ಮಾಡಬೇಡಿ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ರಾನ್ಸಮ್‌ವೇರ್ ಹರಡಿದ್ದು ಅದರ ಲೋಪದಿಂದಲೇ.

ಕಚೇರಿ ನಡೆಸುವವರಲ್ಲಿ ನಮ್ಮ ಮನವಿ ಇಷ್ಟೆ: ರಿಪೇರಿ ಬಿಲ್ಲಿಗೆ ಸಹಿ ಹಾಕುವ ಮೊದಲು ಆ ಫೋಲ್ಡರಿನ ಷೇರಿಂಗ್, ಸೆಕ್ಯುರಿಟಿ ಎರಡನ್ನೂ ತೆರೆಸಿ, ‘ಎವ್ರಿಒನ್’ ಎಂಬ ಸಾಲಿನೆದುರು ಏನಿದೆ ಎಂದು ನೀವೇ ಕಣ್ಣಾರೆ ನೋಡಿ.

– ಕಂಪ್ಯೂಟರ್ ಜಾಲ ನಿರ್ವಾಹಕರು, ತುಮಕೂರು