ನಗು ಬಂದ ಜಾಗವನ್ನು ಬರೆ

ಪ್ರೀತಿಯ ಮಗಳೇ,

ಡೆಲ್ಟಾರೂನ್ ಅನ್ನುವ ವಿಡಿಯೋ ಗೇಮಿನ ಬಗ್ಗೆ ನೀನು ಬರೆದು ಕಳಿಸಿದ ಲೇಖನ ಓದಿದೆ. ಓದುವ ಮೊದಲು ಆಟವನ್ನೂ ಆಡಿದೆ. ಟೀಚರ್ ಆಟ ಆಡಿದರು ಅಂತ ನಗಬೇಡ. ತಂಗಿಯ ಮಗ ಲ್ಯಾಪ್‌ಟಾಪಿನಲ್ಲಿ ಡೆಲ್ಟಾರೂನ್ ಹಾಕಿಕೊಟ್ಟ. ಮೊದಲ ಎರಡು ಅಧ್ಯಾಯ ಉಚಿತ, ಸುಮ್ನೆ ನೋಡಿ ಅಂದ. ಮೂರು, ನಾಲ್ಕಕ್ಕೆ ದುಡ್ಡು ಕೊಡಬೇಕು ಅನ್ನುವಷ್ಟು ಹೊತ್ತಿಗೆ ನನಗೆ ಹುಚ್ಚು ಹಿಡಿದಾಗಿತ್ತು. ಗುಂಡು ತಪ್ಪಿಸಿಕೊಳ್ಳುವ ಕಡೆ ನನ್ನ ಬೆರಳು ಓಡುವುದಿಲ್ಲ, ಅಲ್ಲೆಲ್ಲ ಹುಡುಗನ ಕೈಗೆ ಕೊಟ್ಟೆ. ಮಾತು ಬರುವ ಕಡೆಯೆಲ್ಲ ನನ್ನದೇ. ಹಾಗಾಗಿ ಮುಂದಿನದನ್ನು ಅರ್ಧ ಆಟಗಾರ್ತಿಯ ಮಾತು ಅಂತ ತಿಳಿ.

ನಿನ್ನ ಕನ್ನಡ ಚೆನ್ನಾಗಿದೆ. ವಾಕ್ಯ ಎಲ್ಲೂ ಮುಗ್ಗರಿಸುವುದಿಲ್ಲ. ಆದರೆ ಲೇಖನ ಓದಿ ಮುಗಿಸಿದ ಮೇಲೂ ಈ ಹುಡುಗಿಗೆ ಆಟ ಖುಷಿ ಕೊಟ್ಟಿತೋ ಇಲ್ಲವೋ ಅಂತ ನನಗೆ ಗೊತ್ತಾಗಲಿಲ್ಲ. ನೀನು ಫೋನಿನಲ್ಲಿ ಮಾತಾಡಿದ್ದು ಕೇಳಿದ್ದೇನಲ್ಲ, ನಿನಗೆ ಆದ ಖುಷಿ ನನಗೆ ಗೊತ್ತು. ಬರೆಯಲು ಕೂತಾಗ ಅದನ್ನು ಎಲ್ಲಿ ಬಚ್ಚಿಟ್ಟೆ ಮಾರಾಯ್ತಿ?

ಮೊದಲ ಪ್ಯಾರಾ ಪೂರ್ತಿ ಕ್ಷಮೆ ಕೇಳುವುದರಲ್ಲೇ ಹೋಗಿದೆ. ಆಟ ಅಂದರೆ ಮಕ್ಕಳಾಟವಲ್ಲ, ಇದರಲ್ಲೂ ಜೀವನದರ್ಶನ ಇದೆ, ಹಿರಿಯರು ತಪ್ಪು ತಿಳಿಯಬಾರದು. ಯಾರು ತಪ್ಪು ತಿಳಿದರು? ಕೇರಂ ಬಗ್ಗೆ ಬರೆಯುವವರು ಹೀಗೆ ಕೈಮುಗಿದು ಶುರುಮಾಡುತ್ತಾರಾ? ಆ ಪ್ಯಾರಾ ತೆಗೆದುಬಿಡು. ಎರಡನೆಯದೇ ಮೊದಲನೆಯದಾಗಲಿ.

ಆಮೇಲೆ ಬರುವುದು ಲೆಕ್ಕಾಚಾರ. ಕಥೆಯ ಹಿಂದಿರುವ ಆ ನಿಗೂಢ ನೈಟ್ ಯಾರು, ನಾವು ಆಡಿಸುವ ಕ್ರಿಸ್ ಮನಸ್ಸಿನಲ್ಲಿ ಏನಿದೆ, ಕೊನೆಯ ಏಳನೇ ಅಧ್ಯಾಯದ ಹೊತ್ತಿಗೆ ಯಾರು ಉಳಿಯುತ್ತಾರೆ. ಲೇಖನದ ಮುಕ್ಕಾಲು ಪಾಲು ಇದೇ. ನಿನ್ನ ಊಹೆ ಸರಿ ಇರಬಹುದು, ನನಗೆ ಅದರಲ್ಲಿ ತಕರಾರಿಲ್ಲ. ಆದರೆ ಮುಂದಿನ ಅಧ್ಯಾಯ ಬಂದ ದಿನ ಆ ಮುಕ್ಕಾಲು ಪಾಲು ರದ್ದಿ. ಊಹೆ ತಪ್ಪಾದರೂ ರದ್ದಿ, ಸರಿಯಾದರೂ ರದ್ದಿ. ಆಡಿದಾಗ ಏನಾಯಿತು ಅಂತ ಬರೆದದ್ದು ಹಾಗಲ್ಲ, ಅದು ಆಗಿ ಹೋದ ಸಂಗತಿ. ಅದನ್ನು ಯಾವ ಅಧ್ಯಾಯವೂ ಅಳಿಸಲಾರದು.

ನೀನು ತಾಳಮದ್ದಳೆಯ ಊರಲ್ಲಿ ಹುಟ್ಟಿದವಳು. ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲ ಪೂರ್ತಿ ನಮ್ಮಲ್ಲಿ ಅದೇ ತಾನೇ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತಿನಲ್ಲಿ ಯುದ್ಧ ಮಾಡುತ್ತಾರೆ. ವಾಲಿ ಸಾಯುತ್ತಾನೆ ಅಂತ ಸಭೆಯಲ್ಲಿ ಎಲ್ಲರಿಗೂ ಗೊತ್ತು. ಆದರೂ ಯಾರೂ ಏಳುವುದಿಲ್ಲ. ಇವತ್ತಿನ ವಾಲಿ ರಾಮನನ್ನು ಯಾವ ಮಾತಿನಲ್ಲಿ ಹಿಡಿಯುತ್ತಾನೆ ಅಂತ ಕಾಯುತ್ತಾರೆ. ಡೆಲ್ಟಾರೂನಿನ ಯುದ್ಧವೂ ನನಗೆ ಹಾಗೇ ಕಂಡಿತು. ಎದುರಾಳಿಯನ್ನು ಹೊಡೆಯಲೇಬೇಕು ಅಂತಿಲ್ಲ. ಹೊಗಳಬಹುದು, ಎಚ್ಚರಿಸಬಹುದು, ಅವರ ಹುಚ್ಚಾಟಕ್ಕೆ ಜೊತೆ ಕೊಡಬಹುದು. ಸರಿಯಾದ ಪಟ್ಟು ಸಿಕ್ಕಿದರೆ ಅವರ ಹೆಸರು ಹಳದಿ ಆಗುತ್ತದೆ, ಬಿಟ್ಟು ಕಳಿಸಬಹುದು. ನಡುನಡುವೆ ಆ ಕೆಂಪು ಹೃದಯವನ್ನು ಪೆಟ್ಟಿಗೆಯೊಳಗೆ ಓಡಿಸಿ ಜೀವ ಉಳಿಸಿಕೊಳ್ಳಬೇಕು. ಇಲ್ಲಿ ಕಥೆಯ ಕೊನೆ ನಮಗೆ ಗೊತ್ತಿಲ್ಲ, ನಿಜ. ಕುತೂಹಲ ಸಹಜ. ಆದರೆ ನೀನು ಆಡಿದ್ದು ಕೊನೆಯನ್ನಲ್ಲ. ಈ ಮಾತುಗಳನ್ನು.

ಇತಿಹಾಸದ ಭಾಗವನ್ನೂ ಕಡಿಮೆ ಮಾಡು. ಈ ಆಟ ಮಾಡಿದ ಟೋಬಿ ಫಾಕ್ಸ್ 2015ರಲ್ಲಿ ಅಂಡರ್‌ಟೇಲ್ ಅನ್ನುವ ಆಟ ತಂದ, ಹೆಚ್ಚುಕಡಿಮೆ ಒಬ್ಬನೇ ಮಾಡಿದ್ದು, ಸಂಗೀತವೂ ಅವನದೇ. ಡೆಲ್ಟಾರೂನಿನ ಮೊದಲ ಅಧ್ಯಾಯ 2018ರ ಅಕ್ಟೋಬರ್ 31ಕ್ಕೆ, ಎರಡನೆಯದು 2021ರ ಸೆಪ್ಟೆಂಬರಿನಲ್ಲಿ, ಮೂರು ಮತ್ತು ನಾಲ್ಕು ಒಟ್ಟಿಗೆ 2025ರ ಜೂನಿನಲ್ಲಿ. ಒಟ್ಟು ಏಳು ಅಂತ ಯೋಜನೆ. ಓದುಗರಿಗೆ ಇಷ್ಟು ಸಾಕು. ಈ ತಾರೀಕುಗಳಲ್ಲಿ ಬರೆಯುವಂಥದ್ದು ಬೇರೆ ಒಂದಿದೆ, ಅದನ್ನು ನೀನು ಮುಟ್ಟಲೇ ಇಲ್ಲ. ಮೊದಲನೆಯದು ಬಂದಾಗ ನೀನು ಎಂಟನೇ ಕ್ಲಾಸು. ಈಗ ಡಿಗ್ರಿ ಮುಗಿಯುತ್ತಾ ಬಂತು. ಕ್ರಿಸ್, ಜೊತೆಗೆ ಓದುವ ಸೂಸಿ ಇನ್ನೂ ಅದೇ ಶಾಲೆಯಲ್ಲಿದ್ದಾರೆ, ಅವರ ಲೆಕ್ಕದಲ್ಲಿ ಕಳೆದದ್ದು ಎರಡು ಮೂರು ದಿನ ಅಷ್ಟೇ. ಜೊತೆಗೆ ಓದುತ್ತಿದ್ದವರು ಈಗ ನಿನಗಿಂತ ಸಣ್ಣವರು. ಇದು ಹೇಗೆ ಅನಿಸುತ್ತದೆ ಅಂತ ನನಗೆ ಗೊತ್ತಿಲ್ಲ, ನಿನಗೆ ಗೊತ್ತು. ನಾನು ವಾರಪತ್ರಿಕೆಗೆ ಧಾರಾವಾಹಿ ಬರೆಯುತ್ತಿದ್ದಾಗ ಏಳು ದಿನ ಓದುಗರನ್ನು ಹಿಡಿದಿಡುವುದೇ ದೊಡ್ಡ ಸರ್ಕಸ್ ಆಗಿತ್ತು. ಈ ಮನುಷ್ಯ ಮೂರು ಮೂರು, ನಾಲ್ಕು ನಾಲ್ಕು ವರ್ಷ ಕಾಯಿಸುತ್ತಾನೆ. ಹೊಟ್ಟೆಕಿಚ್ಚಾಗುತ್ತದೆ.

ಅಷ್ಟು ಕಾಯಿಸಿಯೂ ಅವನು ಹೇಗೆ ಗೆಲ್ಲುತ್ತಾನೆ ನೋಡು. ಮೊದಲ ಅಧ್ಯಾಯದಲ್ಲಿ ಸೂಸಿ ನಮ್ಮ ಮಾತು ಕೇಳುವುದೇ ಇಲ್ಲ. ನಾವು ಸಂಧಾನ ಮಾಡುತ್ತಿದ್ದರೆ ಅವಳು ಕೊಡಲಿ ಬೀಸುತ್ತಾಳೆ. ನಾವೇ ಎದುರಾಳಿಗಳಿಗೆ ಅವಳಿಂದ ಹುಷಾರು ಅಂತ ಹೇಳಬೇಕು. ಎರಡರಲ್ಲಿ ಅದೇ ಸೂಸಿ ಗಾಯ ವಾಸಿ ಮಾಡುವ ಮಂತ್ರ ಕಲಿಯುತ್ತಾಳೆ. ಹೆಸರು ಭಾರೀ, ಫಲ ಅಷ್ಟಕ್ಕಷ್ಟೇ. ಎಲ್ಲರೂ ನಕ್ಕರು, ಅಲ್ವಾ? ನಾಲ್ಕರಲ್ಲಿ ಆ ನಗೆಚಾಟಿಕೆಯೇ ಬೆಳೆದು ಸೂಸಿಯ ಕಥೆಯಾಗುತ್ತದೆ. ಅವಳು ಬಿಡದೆ ಅಭ್ಯಾಸ ಮಾಡುತ್ತಾಳೆ, ಮಂತ್ರ ಸುಧಾರಿಸುತ್ತದೆ. ನಗಿಸಲು ಇಟ್ಟದ್ದನ್ನು ಎಸೆಯದೆ, ವರ್ಷಗಟ್ಟಲೆ ಜೇಬಿನಲ್ಲಿಟ್ಟುಕೊಂಡು, ಸಮಯ ಬಂದಾಗ ತೆಗೆದಿದ್ದಾನೆ. ನಿನ್ನ ಲೇಖನದಲ್ಲಿ ಸೂಸಿಗೆ ಸಿಕ್ಕಿದ್ದು ಒಂದು ಸಾಲು. 'ಸೂಸಿಯ ಪಾತ್ರ ಚೆನ್ನಾಗಿ ಮೂಡಿಬಂದಿದೆ.' ಇದನ್ನು ಯಾರ ಬಗ್ಗೆ ಬೇಕಾದರೂ ಬರೆಯಬಹುದು, ಸೂಸಿಯೇ ಬೇಕಾಗಿಲ್ಲ.

ಟೆನ್ನಾನ ವಿಷಯಕ್ಕೆ ಬರುತ್ತೇನೆ. ಅಲ್ಲಿ ನನಗೆ ನಿನ್ನ ಮೇಲೆ ಸ್ವಲ್ಪ ಸಿಟ್ಟೇ ಬಂತು.

ಮೂರನೇ ಅಧ್ಯಾಯ ನಡೆಯುವುದು ಕ್ರಿಸ್ ಮನೆಯ ಟೀವಿಯೊಳಗೆ. ಆ ಹಳೆಯ ಟೀವಿಯೇ ಟೆನ್ನಾ. ಕೋಟು ಹಾಕಿಕೊಂಡು ಗೇಮ್ ಶೋ ನಡೆಸುತ್ತಾನೆ. ರಸಪ್ರಶ್ನೆ, ಅಡುಗೆ, ಬ್ಯಾಂಡು, ಹಳೇ ಕಾಲದ ವಿಡಿಯೋ ಗೇಮು, ಒಂದು ಮುಗಿಯುವ ಮೊದಲು ಇನ್ನೊಂದು. ಅಂಕ ಕೊಡುತ್ತಾನೆ, ರ‍್ಯಾಂಕ್ ಕೊಡುತ್ತಾನೆ, ಕುಣಿಯುತ್ತಾನೆ. ನಮ್ಮನ್ನು ಮನೆಗೆ ಮಾತ್ರ ಬಿಡುವುದಿಲ್ಲ. ಯಾಕೆಂದರೆ ಈಗ ಅವನನ್ನು ಯಾರೂ ನೋಡುವುದಿಲ್ಲ. ಒಂದು ಕಾಲದಲ್ಲಿ ಅಪ್ಪ, ಅಮ್ಮ, ಇಬ್ಬರು ಮಕ್ಕಳು ಅವನ ಮುಂದೆ ಒಟ್ಟಿಗೆ ಕೂರುತ್ತಿದ್ದರು. ಈಗ ಅಪ್ಪ ಅಮ್ಮ ಬೇರೆಯಾಗಿದ್ದಾರೆ, ಅಣ್ಣ ಕಾಲೇಜಿಗೆ ಹೋಗಿದ್ದಾನೆ. ಆ ಮನೆಯ ಕಥೆಯನ್ನು ಮನೆಯವರು ಯಾರೂ ನಮಗೆ ಬಾಯಿಬಿಟ್ಟು ಹೇಳುವುದಿಲ್ಲ. ಮೂಲೆಗೆ ಬಿದ್ದ ಟೀವಿಯ ಕೂಗಾಟದಿಂದ ನಾವೇ ತಿಳಿಯಬೇಕು. ನೀನು ಬರೆದದ್ದು 'ಟೆನ್ನಾ ಎಂಬ ತಮಾಷೆಯ ಖಳನಾಯಕ' ಅಂತ.

ಮಗಳೇ, ನಿಮ್ಮ ಮನೆಯ ಚಾವಡಿ ನೆನಪು ಮಾಡು. ನಿನ್ನ ಅಜ್ಜಿ ಇದ್ದಾಗ 1987ರ ಆ ರಾಮಾಯಣ ಧಾರಾವಾಹಿಗೆ ಆದಿತ್ಯವಾರ ಬೆಳಿಗ್ಗೆ ಎಷ್ಟು ಜನ ಸೇರುತ್ತಿದ್ದರು ಅಂತ ಅಮ್ಮನನ್ನು ಕೇಳು. ನಾನೂ ಬಂದಿದ್ದೆ. ಮಾಡಿನ ಮೇಲೆ ಆ್ಯಂಟೆನಾ ತಿರುಗಿಸಲು ಒಬ್ಬ, ಬಂತಾ ಅಂತ ಕೆಳಗಿನಿಂದ ಕೂಗಲು ಇನ್ನೊಬ್ಬ. ಮಲಯಾಳ ಮಾತಾಡುವವರು, ತುಳುವಿನವರು, ಕನ್ನಡದವರು ಎಲ್ಲ ಒಟ್ಟಿಗೆ ಕೂತು ಹಿಂದಿಯಲ್ಲಿ ನೋಡಿದ್ದು. ಅರ್ಥ ಎಷ್ಟು ಜನರಿಗೆ ಆಯಿತೋ! ಈಗ ಆ ದಪ್ಪ ಟೀವಿ ಎಲ್ಲಿದೆ? ನಮ್ಮಲ್ಲಿ ಅಟ್ಟದಲ್ಲಿದೆ, ಅಡಿಕೆ ಗೋಣಿಯ ಹಿಂದೆ. ಟೆನ್ನಾ ಕೂಗಾಡುವಾಗ ನನಗೆ ನಗುವೂ ಬಂತು, ಅಟ್ಟಕ್ಕೆ ಹೋಗಿ ನೋಡಬೇಕು ಅಂತಲೂ ಅನಿಸಿತು. ನಿನ್ನ ವಯಸ್ಸಿನವಳಿಗೆ ಅದು ಬೇರೆ ಥರ ಮುಟ್ಟಿರಬೇಕು. ನೀನು ಕಂಡದ್ದು ಆ ಟೀವಿಯ ಕೊನೆಯ ವರ್ಷಗಳನ್ನು ಮಾತ್ರ, ಎಲ್ಲರೂ ಎದ್ದು ಹೋದ ಮೇಲಿನದ್ದು. ಅದನ್ನು ಬರೆ.

ಹೀಗಂದೆ ಅಂತ ಸಿಕ್ಕಿದ್ದಕ್ಕೆಲ್ಲ ಊರಿನ ಬಣ್ಣ ಬಳಿಯಬೇಡ. ಆ ನೈಟ್‌ನನ್ನು ನಮ್ಮ ಕಡೆ ದೈವದ ವೇಷ ಕಟ್ಟಿ ಕುಣಿಯುವ ತೆಯ್ಯಕ್ಕೆ ಹೋಲಿಸಿದ್ದೀಯಲ್ಲ, ಅದನ್ನು ದಯವಿಟ್ಟು ತೆಗೆ. ಆಟ ಆಡುವಾಗ ನಿನಗೆ ತೆಯ್ಯಂ ನೆನಪಾಗಲಿಲ್ಲ. ಬರೆಯುವಾಗ ಓದುಗರಿಗೆ ಇಷ್ಟವಾದೀತು ಅಂತ ತಂದು ಸೇರಿಸಿದ್ದೀ. ಗೊತ್ತಾಗುತ್ತದೆ. ಅದರ ಬದಲು ಹವಾಮಾನ ಹೇಳುವ ಆ ಜೋಡಿ, ಎಲ್ನೀನಾ ಮತ್ತು ಲ್ಯಾನೀನೋ, ಅವರು ಬಂದಾಗ ನೀನು ಬಿದ್ದು ಬಿದ್ದು ನಕ್ಕೆ ಅಂದಿದ್ದೆ. ಹೊರಗೆ ಜೂನಿನ ಮಳೆ, ನಿನ್ನಪ್ಪ ಯಾವಾಗ ಒಂದು ಬಿಸಿಲು ಬರುತ್ತದೆ, ಯಾವಾಗ ಅಡಿಕೆಗೆ ಮದ್ದು ಬಿಡುವುದು ಅಂತ ಆಕಾಶ ನೋಡುತ್ತಿದ್ದರು, ನೀನು ಒಳಗೆ ಎಲ್ನೀನಾಳ ಜೊತೆ ಜಗಳಕ್ಕೆ ನಿಂತಿದ್ದೆ. ಇದು ನಡೆದದ್ದು. ಲೇಖನದಲ್ಲಿ ಯಾಕಿಲ್ಲ?

ನಾಲ್ಕನೇ ಅಧ್ಯಾಯದ ಗೆರ್ಸನ್ ಬಗ್ಗೆ ನಾನು ನಿಷ್ಪಕ್ಷಪಾತಿಯಲ್ಲ. ಮುದಿ ಆಮೆ, ಊರಿನ ಲೇಖಕ, ತೀರಿಕೊಂಡಾಗಿದೆ. ಆದರೂ ಊರಿನ ಇಗರ್ಜಿಯೊಳಗೆ ತೆರೆದುಕೊಂಡ ಕತ್ತಲ ಲೋಕದಲ್ಲಿ ಸುತ್ತಿಗೆ ಹಿಡಿದು ಕೇಕೆ ಹಾಕಿ ನಗುತ್ತಾ ಸೂಸಿಗೆ ಪಾಠ ಹೇಳುತ್ತಾನೆ. ಸತ್ತ ಮೇಲೂ ಒಬ್ಬ ಶಿಷ್ಯೆ ಸಿಕ್ಕಿದ್ದಾಳೆ, ಪುಣ್ಯವಂತ. ನಮ್ಮಂಥವರಿಗೆ ಬದುಕಿದ್ದಾಗಲೇ ಸಿಗುವುದು ಕಷ್ಟ. ಅದೇ ಅಧ್ಯಾಯದಲ್ಲಿ ಕಥೆಯುದ್ದಕ್ಕೂ ಬರುವ ಭವಿಷ್ಯವಾಣಿಯ ಕೊನೆಯ ತುಂಡನ್ನು ಸೂಸಿ ನೋಡುತ್ತಾಳೆ, ನಮಗೆ ತೋರಿಸುವುದಿಲ್ಲ. ಅಲ್ಲಿ ಏನಿತ್ತು ಅಂತ ನೀನು ಒಂದು ಪುಟ ಊಹಿಸಿದ್ದೀ. ನಾನು ನೋಡಿದ್ದು ಅವಳನ್ನು. ಅದನ್ನು ನೋಡಿಬಂದ ಸೂಸಿ ಆಮೇಲೆ ಏನು ಮಾತಾಡಿದಳು, ಏನು ಮಾತಾಡದೆ ಬಿಟ್ಟಳು? ಅಷ್ಟು ಬರೆದರೆ ಓದುವವರು ತಾವೇ ಊಹಿಸಿಕೊಳ್ಳುತ್ತಾರೆ. ಆಡದವರಿಗೆ ಕುತೂಹಲವೂ ಕೆಡುವುದಿಲ್ಲ.

ಇದನ್ನೆಲ್ಲ ಕನ್ನಡದಲ್ಲಿ ಯಾರು ಓದುತ್ತಾರೆ ಟೀಚರೇ ಅಂತ ಕೇಳಿದ್ದೀ. ಕಾಲೇಜಿನಲ್ಲಿ ಆಟದ ಮಾತೆಲ್ಲ ಮಲಯಾಳದಲ್ಲಿ, ಇಂಗ್ಲಿಷಿನಲ್ಲಿ ನಡೆಯುತ್ತದೆ ಅಂದಿದ್ದೀ. ನಡೆಯಲಿ. ಬದಿಯಡ್ಕದಲ್ಲಿ ನಾಲ್ಕು ಜನ, ಧಾರವಾಡದಲ್ಲಿ ನಾಲ್ಕು ಜನ ಓದಿದರೆ ಸದ್ಯಕ್ಕೆ ಸಾಕು. ನನಗೆ ಕಾಣುವ ತೊಂದರೆ ಬೇರೆ. ಕಾಸರಗೋಡಿನವರು ಅಂದ ತಕ್ಷಣ ಆಚೆಯವರಿಗೆ ನಮ್ಮಿಂದ ಗಡಿನಾಡಿನ ನೋವೇ ಬೇಕು. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1 ಇಲ್ಲದೆ ನಾವು ಒಂದು ಪುಟ ಬರೆಯಬಾರದು ಅನ್ನುವ ಹಾಗೆ. ಆ ನೋವು ಸುಳ್ಳಲ್ಲ, ನಾನೂ ಬೇಕಾದಷ್ಟು ಬರೆದಿದ್ದೇನೆ. ಕವಿ ಕಯ್ಯಾರ ಕಿಞ್ಞಣ್ಣ ರೈಗಳಂಥವರು ಕಾಸರಗೋಡು ಕರ್ನಾಟಕಕ್ಕೆ ಸೇರಲಿ ಅಂತ ಜೀವಮಾನವಿಡೀ ಹೋರಾಡಿದರು. ಆದರೆ ಇದೇ ನೆಲದ ಕುಂಬಳೆಯ ಪಾರ್ತಿಸುಬ್ಬನ ಯಕ್ಷಗಾನ ಪ್ರಸಂಗಗಳನ್ನು ಜನ ರಾತ್ರಿ ನಿದ್ದೆಗೆಟ್ಟು ನೋಡಿದ್ದು ಖುಷಿಗಾಗಿ. ಖುಷಿಪಡಲು ನಮಗೆ ಯಾರ ಅಪ್ಪಣೆಯೂ ಬೇಡ, ಅದನ್ನು ಬರೆಯಲಿಕ್ಕೂ ಬೇಡ. ನೀನು ಲೇಖನದ ಕೊನೆಗೆ ಗಡಿನಾಡಿನ ಯುವಜನರ ಅಸ್ಮಿತೆ ಅಂತ ಒಂದು ಪ್ಯಾರಾ ಅಂಟಿಸಿದ್ದೀಯಲ್ಲ, ಅದಕ್ಕೂ ಟೆನ್ನಾಗೂ ಏನು ಸಂಬಂಧ?

ಉದ್ದದ ಬಗ್ಗೆ ಚಿಂತೆ ಮಾಡಬೇಡ. ಊಹೆ, ಕ್ಷಮೆ, ಅಸ್ಮಿತೆ ಮೂರನ್ನೂ ತೆಗೆದರೆ ಒಂದು ಪುಟವೂ ಉಳಿಯುವುದಿಲ್ಲ, ಆಗ ಹೆದರಿಕೆಯಾಗುತ್ತದೆ. ಆಗ ಆಟವನ್ನು ಮತ್ತೆ ತೆರೆ. ಎಲ್ಲಿ ನಕ್ಕೆಯೋ ಅಲ್ಲಿ ನಿಲ್ಲಿಸಿ ಪೆನ್ನು ತೆಗೆದುಕೋ. ಯಾರು ಏನಂದರು, ಅದಕ್ಕೆ ಮೊದಲು ಏನಾಗಿತ್ತು, ನೀನು ಏನು ಆರಿಸಿಕೊಂಡೆ, ಆರಿಸಿದ್ದಕ್ಕೆ ಆಟ ಏನು ಮಾಡಿತು. ಅಷ್ಟೇ ಗೀಚಿಕೋ. ಉಳಿದ ಪುಟ ಅಲ್ಲಿಂದ ಬರುತ್ತದೆ.

ಬೆಲೆಯ ವಿಷಯವೂ ಎಲ್ಲಾದರೂ ಒಂದು ಸಾಲು ಬರಲಿ. ಒಮ್ಮೆ ಕೊಂಡರೆ ಮುಂದಿನ ಅಧ್ಯಾಯಗಳಿಗೆ ಮತ್ತೆ ದುಡ್ಡು ಕೊಡಬೇಕಾಗಿಲ್ಲ ಅನ್ನುವುದು ನಮ್ಮ ಕಡೆಯ ಓದುಗರಿಗೆ ಬಹಳ ಮುಖ್ಯ.

ತಿದ್ದಿದ್ದನ್ನು ಟೈಪ್ ಮಾಡಿಯೇ ಕಳಿಸು, ಕೈಬರಹ ಓದಲು ಈಗ ಕಣ್ಣು ಕೇಳುವುದಿಲ್ಲ. ಮತ್ತೊಂದು, ಟೆನ್ನಾನ ಗೇಮ್ ಶೋದಲ್ಲಿ ನಿನಗೆ ಎಸ್ ರ‍್ಯಾಂಕ್ ಹೇಗೆ ಬಂತು ಅಂತ ವಿವರವಾಗಿ ಬರಿ. ನಮ್ಮ ಹುಡುಗನಿಗೆ ಬರುತ್ತಿಲ್ಲ, ನಾನು ಅಡುಗೆ ಸುತ್ತಿನಲ್ಲಿ ಕೆಡಿಸಿದೆ ಅಂತ ನನ್ನ ಮೇಲೆ ಹಾಕುತ್ತಿದ್ದಾನೆ.

ಪ್ರೀತಿಯಿಂದ,
ನಿನ್ನ ಟೀಚರ್
ನೀರ್ಚಾಲು