ಮಾತು ಬರದಿದ್ದರೆ ಕೀರ್ತನೆ ಓದು, ಪುಟ್ಟಿ

ಬೆಟಗೇರಿ

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಬಂತು. "ದೊಡ್ಡಮ್ಮ, ಮೊಣಕಾಲೂರಿದರೂ ಬಾಯಿಗೆ ಮಾತೇ ಬರ್ತಿಲ್ಲ, ಗೋಡೆ ಜೊತೆ ಮಾತಾಡಿದ ಹಾಗಿದೆ" ಅಂತ ಬರೆದಿದ್ದೀಯ. ನನಗೆ ಬೇಜಾರಾಗಲಿಲ್ಲ. ಮುಚ್ಚಿಡದೆ ಬರೆದೆಯಲ್ಲ, ಅದೇ ಸಮಾಧಾನ. ಈ ಮಾತನ್ನು ದೇವರಿಗೂ ಹೇಳಿದ್ದೀಯಾ?

ನಿನ್ನ ದೊಡ್ಡಪ್ಪ ಕಾಯಿಲೆ ಬಿದ್ದ ವರ್ಷ ನನಗೂ ಹೀಗೇ ಆಗಿತ್ತು. ರಾತ್ರಿಯೆಲ್ಲ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿರುತ್ತಿದ್ದೆ. 'ಸ್ವಾಮಿ' ಅಂದ ಮೇಲೆ ಮುಂದಕ್ಕೆ ಮಾತು ಹೊರಡುತ್ತಿರಲಿಲ್ಲ. ನೋಡಲು ಬಂದವರೆಲ್ಲ 'ಸ್ತೋತ್ರ ಮಾಡು, ಎಲ್ಲಾ ಸರಿಹೋಗುತ್ತೆ' ಅನ್ನುತ್ತಿದ್ದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದರು. ಆದರೆ ನನ್ನಿಂದ ಆಗುತ್ತಿರಲಿಲ್ಲ. ಒಂದು ರಾತ್ರಿ ನಿನ್ನ ಅಜ್ಜಿ ಪಕ್ಕದಲ್ಲಿ ಕೂತು, ಸತ್ಯವೇದ (ಬೈಬಲ್) ತೆಗೆದು, ಅದರಲ್ಲಿರುವ ಕೀರ್ತನೆಗಳ ಪುಸ್ತಕದಿಂದ 88ನೇ ಕೀರ್ತನೆಯನ್ನು ಮೆಲ್ಲಗೆ ಓದಿದರು. ಗೋಳಿನ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ಸ್ತೋತ್ರದ ಕಡೆಗೆ ತಿರುಗುತ್ತವೆ. ಇದು ತಿರುಗುವುದಿಲ್ಲ. ಕತ್ತಲೆಯಲ್ಲೇ ಮುಗಿಯುತ್ತದೆ. ಅಜ್ಜಿ ಬೇರೇನೂ ಹೇಳಲಿಲ್ಲ. ನನಗೆ ಅಳು ಬಂತು. ಎಷ್ಟೋ ತಿಂಗಳ ಮೇಲೆ ನಾನು ಮಾಡಿದ ಪ್ರಾರ್ಥನೆ ಅದು.

ಅವತ್ತು ನನಗೆ ತಿಳಿಯಿತು. ಪ್ರಾರ್ಥನೆಯ ಮಾತು ನಮ್ಮದೇ ಆಗಿರಬೇಕೆಂದಿಲ್ಲ. ಕಡ ತಂದ ಮಾತೂ ನಡೆಯುತ್ತದೆ. ಯೇಸುಸ್ವಾಮಿ ಶಿಲುಬೆಯ ಮೇಲೆ ಕೂಗಿದ್ದೇನು? 'ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ?' ಅದು 22ನೇ ಕೀರ್ತನೆಯ ಮೊದಲ ಮಾತು. ಪ್ರಾಣ ಬಿಡುವಾಗ ತನ್ನ ಆತ್ಮವನ್ನು ತಂದೆಯ ಕೈಗೆ ಒಪ್ಪಿಸಿದ್ದೂ 31ನೇ ಕೀರ್ತನೆಯ ಮಾತಿನಲ್ಲೇ. ಆತನಿಗೇ ಬೇಕಾಗಿದ್ದ ಮಾತು ನಿನಗೆ ಬೇಡವಾಗುತ್ತದೆಯೇ?

ಅದಕ್ಕೆ ನನ್ನ ಮಾತು ಕೇಳು. ಬೆಳಿಗ್ಗೆ ಒಂದು, ಮಲಗುವ ಮುಂಚೆ ಒಂದು ಕೀರ್ತನೆ ಓದು. ಇರುವುದು 150. 75 ದಿನಕ್ಕೆ ಒಂದು ಸುತ್ತು ಮುಗಿಯುತ್ತದೆ. 119ನೆಯದು ಮಾತ್ರ ತುಂಬ ಉದ್ದ, ಅದನ್ನು ಸ್ವಲ್ಪ ಸ್ವಲ್ಪವೇ ಓದು. ಕಣ್ಣಲ್ಲಿ ಓದಬೇಡ, ಬಾಯಿಬಿಟ್ಟು ಓದು. ಯಾವುದಾದರೂ ಮಾತು ಎದೆಗೆ ತಾಗಿದರೆ ಅಲ್ಲೇ ನಿಂತುಬಿಡು. ಮುಗಿಸಲೇಬೇಕು ಅಂತೇನಿಲ್ಲ. ಸಿಟ್ಟಿನ ಕೀರ್ತನೆ ಬಂದಾಗ ಹಾರಿಸಿ ಓದಬೇಡ. ನಿನ್ನೊಳಗೂ ಸಿಟ್ಟಿದೆ ಅಲ್ವಾ, ಅದನ್ನು ಅಲ್ಲಿ ಇಡು. ನಿನಗೆ ಸಿಟ್ಟಿಲ್ಲದ ದಿನ ಅಂಥದ್ದು ಬಂದರೆ, ಅನ್ಯಾಯ ಅನುಭವಿಸುತ್ತಿರುವ ಯಾರನ್ನಾದರೂ ನೆನೆದು ಅವರ ಪರವಾಗಿ ಓದು.

ಇನ್ನೊಂದು. ಬೆಂಗಳೂರಿಗೆ ಹೋದ ಮೇಲೆ ನೀನು ಇಂಗ್ಲಿಷಿನ ಆರಾಧನೆಗೇ ಹೋಗುತ್ತೀಯ. ಅದು ತಪ್ಪಲ್ಲ. ಆದರೆ ಒಬ್ಬಳೇ ಇದ್ದಾಗ ಕನ್ನಡದಲ್ಲಿ ಪ್ರಾರ್ಥಿಸು. ನೋವಾದಾಗ 'ಅಮ್ಮಾ' ಅನ್ನುವ ಬಾಯಿ ಅದು. ಮಿಷನರಿ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಕೂತು ವರ್ಷಗಟ್ಟಲೆ ದುಡಿದು, 1831ರ ಹೊತ್ತಿಗೆ ಇಡೀ ಸತ್ಯವೇದ ಕನ್ನಡಕ್ಕೆ ಬಂದದ್ದು ಸುಮ್ನೆ ಅಲ್ಲ. ಅವತ್ತಿನಿಂದ ನಮ್ಮ ಅಜ್ಜಿ, ಮುತ್ತಜ್ಜಿಯರು ಅತ್ತದ್ದೂ ಹಾಡಿದ್ದೂ ಈ ಕನ್ನಡದಲ್ಲೇ.

ತಾಸುಗಟ್ಟಲೆ ಕೂರಬೇಕು ಎಂಬ ಹಟ ಬಿಡು. ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಯೇಸುಸ್ವಾಮಿ, ಜಾಸ್ತಿ ಮಾತಾಡಿದರೆ ದೇವರು ಕೇಳುತ್ತಾನೆ ಅಂದುಕೊಳ್ಳಬೇಡಿ ಅಂದ ಮೇಲೆಯೇ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಎಂಬ ಪ್ರಾರ್ಥನೆ ಕಲಿಸಿದ್ದು. ಅದನ್ನು ಹೇಳಲು ಒಂದು ನಿಮಿಷವೂ ಬೇಡ. ಹತ್ತು ನಿಮಿಷ ಸಾಕು, ಆದರೆ ದಿನಾ ಕೂರು. ಫೋನನ್ನು ಬೇರೆ ಕೋಣೆಯಲ್ಲಿ ಇಟ್ಟು ಬಾ.

ಮನಸ್ಸಿಗೆ ಏನೂ ಅನಿಸದ ದಿನಗಳು ಇನ್ನೂ ಬರುತ್ತವೆ. ನನಗೆ ಈಗಲೂ ಬರುತ್ತವೆ. ಆ ದಿನವೂ ಓದುತ್ತೇನೆ.

ಈ ಭಾನುವಾರ ಆರಾಧನೆ ಮುಗಿದ ಮೇಲೆ ಫೋನ್ ಮಾಡು. 13ನೇ ಕೀರ್ತನೆಯನ್ನು ಇಬ್ಬರೂ ಸೇರಿ ಓದೋಣ. ಚಿಕ್ಕದು, ಆರೇ ವಚನ. 'ಇನ್ನೆಷ್ಟು ದಿನ' ಅಂತ ದೇವರನ್ನು ಮತ್ತೆ ಮತ್ತೆ ಕೇಳುವ ಮೊದಲೆರಡು ವಚನ ನೀನು ಓದು. ಆಮೇಲಿನದು ನಾನು ಓದುತ್ತೇನೆ.

ನಿನ್ನ
ದೊಡ್ಡಮ್ಮ