ದಿನಕ್ಕೊಂದು ಮ್ಯೂಸಿಯಂ ಸಾಕು, ಪುಟ್ಟಿ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಪ್ರವಾಸದ ಪಟ್ಟಿ ನೋಡಿದೆ. ಒಂದೇ ದಿನಕ್ಕೆ ಒಂದು ಕೋಟೆ, ಎರಡು ಮ್ಯೂಸಿಯಂ, ಅದರ ಮೇಲೆ ಐದು ಗಂಟೆಯ ಡ್ರೈವಿಂಗ್. ಮಕ್ಕಳನ್ನು ಕಟ್ಟಿಕೊಂಡು ಇದು ಆಗುವ ಮಾತಲ್ಲ. ದಿನಕ್ಕೊಂದು ಸ್ಮಾರಕ, ಒಂದು ಮ್ಯೂಸಿಯಂ ಇಟ್ಟುಕೊಂಡು ಉಳಿದದ್ದನ್ನು ಧೈರ್ಯವಾಗಿ ಕೈಬಿಡು.

ಮ್ಯೂಸಿಯಂನ ದಣಿವೇ ಬೇರೆ. ನಾಲ್ಕು ಹೆಜ್ಜೆ ನಡೆದು ನಿಲ್ಲಬೇಕು, ಬಗ್ಗಬೇಕು, ಓದಬೇಕು, ಮತ್ತೆ ನಡೆಯಬೇಕು. ಬೋಸ್ಟನ್‌ನ ಲಲಿತಕಲಾ ಮ್ಯೂಸಿಯಂನಲ್ಲಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ 1916ರಲ್ಲೇ ಇದರ ಬಗ್ಗೆ ಬರೆದಿದ್ದರು. ಗಾಜಿನ ಪೆಟ್ಟಿಗೆಯೊಳಗಿನದನ್ನು ನೋಡಲು ಮನುಷ್ಯ ಎಷ್ಟು ಬಗ್ಗಬೇಕು, ಹೇಗೆ ಕತ್ತು ಚಾಚಬೇಕು ಎಂದು ಫೋಟೋ ತೆಗೆಸಿ ತೋರಿಸಿದ್ದರು. ದೊಡ್ಡವರ ಎತ್ತರಕ್ಕೆ ಮಾಡಿದ ಪೆಟ್ಟಿಗೆಗಳ ಮುಂದೆ ಮಕ್ಕಳ ಪಾಡು ಇನ್ನೂ ಕಷ್ಟ. ಅದಕ್ಕೇ ಮೊದಲು ಏನನ್ನೂ ಓದದೆ ಎಲ್ಲ ಕೋಣೆಗಳಲ್ಲೂ ಒಂದು ಸುತ್ತು ಹಾಕಿ. ಆಮೇಲೆ ಒಬ್ಬೊಬ್ಬರೂ ತಮಗಿಷ್ಟವಾದ ಮೂರು ವಸ್ತು ಆರಿಸಿಕೊಂಡು ಅವುಗಳ ಮುಂದೆ ಮಾತ್ರ ನಿಧಾನವಾಗಿ ನಿಲ್ಲಲಿ. ಚಿತ್ರ ಬಿಡಿಸುವ ಮಕ್ಕಳಿಗೆ ಪೆನ್ಸಿಲ್ ಕೊಡು. ಶಾಯಿ ಸಿಡಿದರೆ ಹೋಗುವುದಿಲ್ಲವೆಂದು ಬಹಳ ಕಡೆ ಪೆನ್ನಿಗೆ ಅವಕಾಶವಿಲ್ಲ. ಒಂದೂವರೆ ಗಂಟೆಯಾದ ಮೇಲೆ ಹೊರಗೆ ಬಂದುಬಿಡಿ.

ಬಯಲಲ್ಲಿರುವ ಸ್ಮಾರಕಕ್ಕೆ ಎಳೆಬಿಸಿಲು ಅಥವಾ ಇಳಿಬಿಸಿಲೇ ಸರಿ. ಇದು ಬರೀ ಸೆಖೆಯ ಮಾತಲ್ಲ. ಸೂರ್ಯ ತಗ್ಗಿನಲ್ಲಿದ್ದಾಗ ಬೆಳಕು ಓರೆಯಾಗಿ ಬಿದ್ದು, ಕೆತ್ತಿದ ಪ್ರತಿಯೊಂದು ಗೆರೆಯಲ್ಲೂ ನೆರಳು ನಿಲ್ಲುತ್ತದೆ. ಸವೆದ ಶಾಸನದ ಅಕ್ಷರವೂ ಆಗ ಕಾಣುತ್ತದೆ. ಬೆಳಕು ನೇರವಾಗಿ ಮುಖಕ್ಕೆ ಬಿದ್ದರೆ ಅದೇ ಕಲ್ಲು ಬೋಳು ಹಲಗೆ. ಕತ್ತಲ ಮಂಟಪದಲ್ಲಿದ್ದರೆ ಟಾರ್ಚನ್ನು ಎದುರಿನಿಂದ ಹಿಡಿಯದೆ, ಪಕ್ಕದಿಂದ ಕಲ್ಲಿನ ಮೈಗೆ ಸಮನಾಗಿ ಹಿಡಿ. ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ ಉಜ್ಜುವುದು, ನೀರೋ ಎಣ್ಣೆಯೋ ಸುರಿಯುವುದು ಮಾತ್ರ ಎಂದೂ ಬೇಡ.

ಮಧ್ಯಾಹ್ನ ಮ್ಯೂಸಿಯಂಗೆ. ಬಿಸಿಲಿಂದ ನೇರ ಒಳಗೆ ಹೋದರೆ ಏನೂ ಕಾಣದು. ಹಳೆಯ ಬಟ್ಟೆ, ಕಾಗದ, ಜಲವರ್ಣ ಚಿತ್ರಗಳಿಗೆ ಸಾಮಾನ್ಯವಾಗಿ 50 ಲಕ್ಸ್‌ನಷ್ಟು (ಲಕ್ಸ್ ಎಂದರೆ ಬೆಳಕಿನ ಅಳತೆ) ಮಂದ ಬೆಳಕನ್ನೇ ಇಡುತ್ತಾರೆ, ಏಕೆಂದರೆ ಬೆಳಕಿನಿಂದ ಮಾಸಿದ ಬಣ್ಣ ಮರಳುವುದಿಲ್ಲ. ಹಜಾರದಲ್ಲಿ ಐದಾರು ನಿಮಿಷ ಕೂತು ಕಣ್ಣು ಹೊಂದಿಕೊಂಡ ಮೇಲೆ ಒಳಗೆ ಹೋಗಿ.

ಸ್ಮಾರಕ ಮೊದಲೋ, ಮ್ಯೂಸಿಯಂ ಮೊದಲೋ ಎಂದು ಕೇಳಿದ್ದೆಯಲ್ಲ? ಸ್ಮಾರಕವೇ ಮೊದಲು. ಅಥೆನ್ಸ್‌ನ ಅಕ್ರೊಪೊಲಿಸ್ ಗುಡ್ಡದ ಮೇಲಿನ ಎರೆಕ್ತಿಯಾನ್ ಗುಡಿಯಲ್ಲಿ ಛಾವಣಿ ಹೊತ್ತು ನಿಂತ ಆರು ಸ್ತ್ರೀಮೂರ್ತಿಗಳಿವೆ. ಈಗ ಅಲ್ಲಿರುವ ಆರೂ ಪ್ರತಿಕೃತಿಗಳು. ಮೂಲದ ಐದು ಗುಡ್ಡದ ಕೆಳಗೆ, 2009ರಲ್ಲಿ ತೆರೆದ ಅಕ್ರೊಪೊಲಿಸ್ ಮ್ಯೂಸಿಯಂನಲ್ಲಿವೆ. ಆರನೆಯದು ಲಂಡನ್‌ನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಗುಡ್ಡ ನೋಡಿ ಬಂದ ಮಗುವಿಗೆ ಆ ಮೂರ್ತಿಗಳ ತಲೆಯ ಮೇಲೆ ಎಂಥ ಭಾರವಿತ್ತೆಂದು ಗೊತ್ತಿರುತ್ತದೆ, ಆರನೆಯದು ಎಲ್ಲಿ ಹೋಯಿತೆಂದು ತಾನಾಗಿಯೇ ಕೇಳುತ್ತದೆ. ಎಲ್ಲೇ ಹೋದರೂ ವಿವರದ ಫಲಕದಲ್ಲಿ ‘ಎಲ್ಲಿ ಸಿಕ್ಕಿತು’ ಎಂಬ ಸಾಲನ್ನು ಮೊದಲು ಹುಡುಕಿಸು.

ಮುಟ್ಟಬೇಡಿ ಅಂದರೆ ಮಕ್ಕಳು ಯಾಕೆ ಅನ್ನುತ್ತಾರೆ. ಗದರಿಸಬೇಡ, ಕಾರಣ ಹೇಳು. ಕೈಯ ಬೆವರು, ಜಿಡ್ಡು ಕಲ್ಲಿಗೆ ಅಂಟಿ ಧೂಳು ಹಿಡಿಯುತ್ತದೆ. ಫ್ರಾನ್ಸ್‌ನ ಲಾಸ್ಕೊ ಗುಹೆಯ ಚಿತ್ರಗಳು ಸಾವಿರಾರು ವರ್ಷ ಉಳಿದಿದ್ದವು. 1940ರಲ್ಲಿ ಪತ್ತೆಯಾಗಿ ಜನ ಮುಗಿಬಿದ್ದ ಮೇಲೆ ಅವರ ಉಸಿರು, ತೇವ, ದೀಪದ ಬೆಳಕಿನಿಂದ ಗೋಡೆಯಲ್ಲಿ ಪಾಚಿ ಬೆಳೆಯಿತು. 1963ರಲ್ಲಿ ಗುಹೆಯನ್ನು ಸಾರ್ವಜನಿಕರಿಗೆ ಮುಚ್ಚಲೇಬೇಕಾಯಿತು. ಈ ಕಥೆ ಮಕ್ಕಳಿಗೆ ಚೆನ್ನಾಗಿ ನಾಟುತ್ತದೆ.

ಪ್ರವಾಸ ಕೆಡುವುದು ಹೆಚ್ಚಾಗಿ ಬಾಗಿಲಲ್ಲೇ. ರಜೆಯ ದಿನ ಎಲ್ಲ ಕಡೆ ಒಂದೇ ಅಲ್ಲ: ತಾಜ್ ಮಹಲ್‌ಗೆ ಶುಕ್ರವಾರ, ಪ್ಯಾರಿಸ್‌ನ ಲೂವ್ರ್‌ಗೆ ಮಂಗಳವಾರ. ಮುಚ್ಚುವ ಹೊತ್ತು ಮಾತ್ರ ನೋಡಿಕೊಂಡರೆ ಸಾಲದು. ಒಳಗೆ ಬಿಡುವುದನ್ನು ಅದಕ್ಕೆ ಅರ್ಧ ಗಂಟೆಯೋ ಒಂದು ಗಂಟೆಯೋ ಮೊದಲೇ ನಿಲ್ಲಿಸುತ್ತಾರೆ. ಮೊಬೈಲ್ ಮ್ಯಾಪ್ ಎಷ್ಟೋ ಸಲ ಕೋಟೆಯ ನಡುವಿಗೆ ಗುರುತು ಹಾಕಿ ನಿಮ್ಮನ್ನು ಹಿಂಬದಿಯ ಗೋಡೆಗೆ ಕರೆದೊಯ್ಯುತ್ತದೆ, ಹಾಗಾಗಿ ಪಾರ್ಕಿಂಗ್ ಜಾಗವನ್ನೇ ಹುಡುಕಿ ಗುರುತು ಮಾಡಿಕೋ. ಸಿಗ್ನಲ್ ಇಲ್ಲದ ಕಡೆಗೆಂದು ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿಡು.

ಕಾರಿನ ವಿಷಯ ಅಳಿಯಂದಿರಿಗೆ ಹೇಳು. ಟೈರ್ ತಣ್ಣಗಿರುವಾಗಲೇ ಗಾಳಿ ನೋಡಬೇಕು; ಓಡಿದ ಮೇಲೆ ಒತ್ತಡ ಹೆಚ್ಚು ತೋರಿಸುತ್ತದೆ. ಜನ, ಲಗೇಜು ತುಂಬಿದ ಕಾರಿಗೆ ಎಷ್ಟು ಬೇಕೆಂದು ಸಾಮಾನ್ಯವಾಗಿ ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿರುತ್ತದೆ. ಸ್ಟೆಪ್ನಿಯನ್ನೂ ಮರೆಯಬೇಡಿ. ಎರಡು ಗಂಟೆಗೊಮ್ಮೆ ಗಾಡಿ ನಿಲ್ಲಿಸಿ, ಕತ್ತಲಾಗುವ ಮುಂಚೆ ಊರು ಸೇರಿ.

ಪಟ್ಟಿಯನ್ನು ಅರ್ಧಕ್ಕಿಳಿಸಿ ಮತ್ತೆ ಕಳಿಸು. ರಜೆಯ ದಿನಗಳನ್ನು ನಾನೂ ಒಮ್ಮೆ ತಾಳೆ ನೋಡುತ್ತೇನೆ.

ನಿನ್ನ
ಅಮ್ಮ